ಗ್ಯಾಜೆಟ್ ಬಂತು, ಮಾತಿಗೆ ಜಾಗವಿದೆಯೇ?

ಬೀಸುವ ಕಲ್ಲು ಮನೆಯಿಂದ ಹೊರಬಿದ್ದಾಗ ಯಾರೂ ಕಣ್ಣೀರು ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುವುದು ರಟ್ಟೆ ಸೋಲುವ ಕೆಲಸ. ಊರಿಗೆ ಹಿಟ್ಟಿನ ಗಿರಣಿ ಬಂದದ್ದು, ಆಮೇಲೆ ಅಡುಗೆಮನೆಗೆ ಮಿಕ್ಸಿ, ಗ್ರೈಂಡರ್ ಬಂದದ್ದು ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಬಿಡುಗಡೆ. ಆದರೆ ಆ ಕಲ್ಲಿನ ಎದುರುಬದುರು ಕೂತು ಅತ್ತೆ ಸೊಸೆ, ಅಕ್ಕ ತಂಗಿ, ನೆರೆಮನೆಯವರು ದನಿಗೂಡಿಸಿ ಹಾಡುತ್ತಿದ್ದ ಬೀಸುವ ಪದಗಳೂ ಅದರ ಜೊತೆಗೇ ಹೋದವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಊರ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಅಚ್ಚು ಹಾಕಿಸಿದ್ದರಿಂದ ಒಂದಷ್ಟು ಉಳಿದವು. ಹಾಡು ನಿಲ್ಲಿಸೋಣ ಎಂದು ಯಾವ ಮನೆಯವರೂ ತೀರ್ಮಾನ ಮಾಡಿರಲಿಲ್ಲ. ಕೆಲಸ ಹೋಯಿತು, ಕೆಲಸಕ್ಕೆ ಅಂಟಿಕೊಂಡಿದ್ದ ಒಡನಾಟವೂ ಹೋಯಿತು.

ಇಂದು ಮನೆಗೆ ಬರುವ ಗ್ಯಾಜೆಟ್‌ಗಳ ವಿಷಯದಲ್ಲೂ ಇದೇ ನಡೆಯುತ್ತಿದೆ, ವೇಗ ಮಾತ್ರ ಹೆಚ್ಚು. ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕಟ್ಟಲು ನಡೆದುಹೋಗುತ್ತಿದ್ದ ನಿವೃತ್ತ ಮೇಷ್ಟ್ರಿಗೆ ಆ ಸಾಲಿನಲ್ಲಿ ಇಬ್ಬರು ಹಳೇ ಗೆಳೆಯರು ಸಿಗುತ್ತಿದ್ದರು, ಬರುವಾಗ ಹೋಟೆಲಿನಲ್ಲಿ ಒಂದು ಕಾಫಿ ಆಗುತ್ತಿತ್ತು. ಈಗ ಮಗ ಬೆಂಗಳೂರಿನಲ್ಲೇ ಕೂತು ಫೋನಿನಲ್ಲಿ ಬಿಲ್ ಕಟ್ಟುತ್ತಾನೆ. ಮಗನದು ಒಳ್ಳೆಯ ಉದ್ದೇಶವೇ, ಅಪ್ಪನಿಗೆ ಬಿಸಿಲಿನಲ್ಲಿ ನಿಲ್ಲುವ ಕಷ್ಟವೂ ತಪ್ಪಿತು. ಆದರೆ ಅಪ್ಪ ಮನೆಯಿಂದ ಹೊರಗೆ ಕಾಲಿಡಲು ಇದ್ದ ಒಂದು ನೆಪ ಇಲ್ಲವಾಯಿತು. ಅದನ್ನು ಗಮನಿಸಿದ ಮನೆಯಲ್ಲಿ ಬೇರೊಂದು ನೆಪ ಹುಟ್ಟುತ್ತದೆ. ಗಮನಿಸದ ಮನೆಯಲ್ಲಿ ಮೇಷ್ಟ್ರು ಸಂಜೆಯಿಡೀ ಟಿವಿ ಮುಂದೆ ಉಳಿಯುತ್ತಾರೆ.

ಹಾಗಾಗಿ ಹೊಸ ಉಪಕರಣ ಕೊಳ್ಳುವಾಗ ಬೆಲೆ, ಬ್ಯಾಟರಿ, ವಾರಂಟಿಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಯಾವ ಕೆಲಸವನ್ನು ಉಳಿಸುತ್ತದೆ? ಆ ಕೆಲಸದ ನೆಪದಲ್ಲಿ ಯಾರ ಜೊತೆ ಮಾತುಕತೆ ನಡೆಯುತ್ತಿತ್ತು? ಎರಡನೆಯದಕ್ಕೆ ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಯೋಚಿಸುವ ಅಗತ್ಯವೇ ಇಲ್ಲ. ನೆಲ ಒರೆಸುವ ರೋಬೋ, ನೀರಿನ ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲಿಸುವ ಸೆನ್ಸರ್, ಇಂಥವನ್ನು ನೆಮ್ಮದಿಯಾಗಿ ತರಬಹುದು. ಉತ್ತರದಲ್ಲಿ ಒಬ್ಬರ ಹೆಸರು ಬಂದರೆ ಉಪಕರಣವನ್ನೂ ತನ್ನಿ, ಆ ವ್ಯಕ್ತಿಗೆ ದಿನದಲ್ಲಿ ಇನ್ನೊಂದು ಹೊತ್ತನ್ನೂ ಗೊತ್ತು ಮಾಡಿ. ಅಕ್ಕಿ, ಎಣ್ಣೆ, ಸೋಪಿನಂಥ ಭಾರದ ಸಾಮಾನನ್ನು ಆ್ಯಪ್‌ನಲ್ಲಿ ತರಿಸಿ, ಸೊಪ್ಪು, ಹೂವು, ಬಾಳೆಹಣ್ಣನ್ನು ಬೀದಿಯ ಅಂಗಡಿಯಲ್ಲೇ ಕೊಳ್ಳುವ ಮನೆಗಳಿವೆ. ಬೆನ್ನಿಗೂ ಆರಾಮ, ಹೂವಿನವಳ ಮಗಳಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂಬುದೂ ಗೊತ್ತಿರುತ್ತದೆ.

ಉಳಿದ ಸಮಯ ಯಾರ ಪಾಲಾಗುತ್ತದೆ ಎಂಬುದು ಇನ್ನೊಂದು ಮುಖ್ಯ ವಿಚಾರ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕ ಬರೆದರು. ಮನೆಗೆ ಯಂತ್ರಗಳು ಬಂದಂತೆ ಗಂಡಸರು, ಮಕ್ಕಳು, ಕೆಲಸದವರು ಮಾಡುತ್ತಿದ್ದ ಪಾಲು ಕಡಿಮೆಯಾಯಿತು, ತಾಯಂದಿರ ದುಡಿಮೆ ಮಾತ್ರ ಹಾಗೆಯೇ ಉಳಿಯಿತು ಎಂದು ಅವರು ತೋರಿಸಿಕೊಟ್ಟರು. ವಾಷಿಂಗ್ ಮೆಷಿನ್ ಬಂದ ಮೇಲೆ ಬಟ್ಟೆ ಒಗೆಯುವುದು ಸುಲಭವಾಯಿತು, ಒಗೆಯಬೇಕಾದ ಬಟ್ಟೆಯ ರಾಶಿಯೂ ಬೆಳೆಯಿತು. ನಮ್ಮ ಮನೆಗಳಲ್ಲೂ ಇದು ನಿಜ. ಪಾತ್ರೆ ತೊಳೆಯುವ ಯಂತ್ರ ತಂದರೆ, ಅದಕ್ಕೆ ಪಾತ್ರೆ ಜೋಡಿಸುವುದು ಮಗನ ಕೆಲಸ, ತೆಗೆದಿಡುವುದು ಯಜಮಾನರ ಕೆಲಸ ಎಂದು ಮೊದಲ ದಿನವೇ ಮಾತಾಗಲಿ. ಉಳಿದ ಅರ್ಧ ಗಂಟೆಯನ್ನು ಏನು ಮಾಡುವುದೆಂದೂ ಅಂದೇ ನಿಶ್ಚಯವಾಗಲಿ. ಊಟದ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದು ಸುತ್ತು ನಡೆದು ಬರುವುದು, ಮಹಡಿಯ ಮೇಲೆ ಕೂರುವುದು, ಏನಾದರೂ ಸರಿ. ಹೆಸರಿಡದೆ ಬಿಟ್ಟ ಅರ್ಧ ಗಂಟೆಯನ್ನು ಫೋನು ಸದ್ದಿಲ್ಲದೆ ನುಂಗುತ್ತದೆ.

ಜಾಗ, ಚಾರ್ಜರ್ ಮತ್ತು ಏಳು ಗಂಟೆಯ ಸೈರನ್

1987-88ರಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಧಾರಾವಾಹಿ ಬರುವಾಗ ಟಿವಿ ಇದ್ದ ಒಂದು ಮನೆಗೆ ಬೀದಿಯೆಲ್ಲ ಬಂದು ಕೂರುತ್ತಿತ್ತು. ಪರದೆ ಅಂದೂ ಇತ್ತು, ಒಡನಾಟವೂ ಇತ್ತು. ಇರುವುದೊಂದೇ ಪರದೆ, ಅದು ನಡುಮನೆಯಲ್ಲಿ ಎಂಬುದು ಅದಕ್ಕೆ ಕಾರಣ. ಈಗ ನಾಲ್ಕು ಜನರ ಮನೆಯಲ್ಲಿ ನಾಲ್ಕು ಪರದೆ, ನಾಲ್ಕು ಕೋಣೆ. ಆದ್ದರಿಂದ ಏನು ಕೊಳ್ಳಬೇಕು ಎಂಬುದಕ್ಕಿಂತ ಕೊಂಡದ್ದನ್ನು ಎಲ್ಲಿಡಬೇಕು ಎಂಬುದು ಹಲವು ಸಲ ದೊಡ್ಡ ಪ್ರಶ್ನೆಯಾಗುತ್ತದೆ. ಸ್ಮಾರ್ಟ್ ಟಿವಿ ಹಾಲ್‌ನಲ್ಲಿರಲಿ, ಮಲಗುವ ಕೋಣೆಗೆ ಎರಡನೇ ಟಿವಿ ಬೇಡ. ಮಕ್ಕಳ ಟ್ಯಾಬ್ ಊಟದ ಮೇಜಿನ ಮೇಲೋ ಹಾಲ್‌ನಲ್ಲೋ ತೆರೆಯಲಿ.

ಫೋನುಗಳಿಗೆ ಮನೆಯಲ್ಲಿ ಒಂದೇ ಚಾರ್ಜಿಂಗ್ ಜಾಗ ಮಾಡುವುದು ಬಹಳ ಅಗ್ಗದ, ಬಹಳ ಪರಿಣಾಮಕಾರಿ ಉಪಾಯ. ಹಾಲ್‌ನ ಒಂದು ಮೂಲೆಯಲ್ಲಿ ನಾಲ್ಕೈದು ಪ್ಲಗ್ಗಿನ ಎಕ್ಸ್‌ಟೆನ್ಷನ್ ಬೋರ್ಡ್, ಅದರ ಪಕ್ಕ ಒಂದು ಬುಟ್ಟಿ ಇದ್ದರೆ ಸಾಕು. ರಾತ್ರಿ ಎಲ್ಲರ ಫೋನೂ ಅಲ್ಲೇ. ‘ಅಲಾರಂ ಬೇಕಲ್ಲ’ ಎಂಬ ನೆಪ ಎಲ್ಲ ಮನೆಗಳಲ್ಲೂ ಬರುತ್ತದೆ. ಅದಕ್ಕೆ ಹಾಸಿಗೆಯ ಪಕ್ಕ ಒಂದು ಹಳೇ ಮಾದರಿಯ ಅಲಾರಂ ಗಡಿಯಾರ ಇಡಿ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡವರಿಗಿಂತ ಪೂರ್ತಿ ಗಮನ ಬೇಡುವ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಇಷ್ಟೇ ಸ್ಪಷ್ಟ ಫಲ ಬಂದಿಲ್ಲ ಎಂಬುದೂ ನಿಜ. ಆದರೆ ಊಟಕ್ಕೆ ಕೂತಾಗ ಮೇಜಿನ ಮೇಲೆ ಫೋನು ಮಿನುಗಿದರೆ ಮಾತು ತುಂಡಾಗುವುದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ.

ಮನೆಯೊಳಗೆ ಇಯರ್‌ಬಡ್ ಹಾಕಿಕೊಂಡು ಓಡಾಡುವ ಯುವಕರಿರುವ ಮನೆಯಲ್ಲಿ ‘ಒಂದು ಕಿವಿ ಖಾಲಿ’ ಎಂಬ ನಿಯಮ ಚೆನ್ನಾಗಿ ನಡೆಯುತ್ತದೆ. ಹಾಡು ಕೇಳಲು ಒಂದು ಕಿವಿ, ಅಮ್ಮನ ಕರೆ ಕೇಳಲು ಇನ್ನೊಂದು.

ಇಂಥ ನಿಯಮಗಳನ್ನು ಇಡೀ ಊರೇ ಪಾಲಿಸಿದ ಉದಾಹರಣೆಗಳೂ ಇವೆ. ಕೋವಿಡ್ ಕಾಲದ ಆನ್‌ಲೈನ್ ಪಾಠ ಮುಗಿದ ಮೇಲೂ ಮಕ್ಕಳು ಫೋನ್ ಬಿಡದಿದ್ದಾಗ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮ 2022ರಲ್ಲಿ ಒಂದು ಕಟ್ಟಳೆ ಮಾಡಿಕೊಂಡಿತು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಸಾಂಗ್ಲಿಯ ಗಾಳಿ ಗಡಿ ದಾಟಿ ಈಚೆಗೂ ಬೀಸಿತು. ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮದಲ್ಲಿ ಆಮೇಲೆ ಸಂಜೆ ಏಳರಿಂದ ಒಂಬತ್ತರವರೆಗೆ ಇದೇ ಪದ್ಧತಿ ಶುರುವಾಯಿತು. ಮಕ್ಕಳು ಓದಲು ಕೂರುತ್ತಾರೆ, ದೊಡ್ಡವರು ಕಟ್ಟೆಯ ಮೇಲೆ ಮಾತಿಗೆ ಕೂರುತ್ತಾರೆ.

ಇದು ಯಾಕೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನಿಂತು ನೋಡಬೇಕು. ಒಂದು ಮನೆಯಲ್ಲಿ ಒಬ್ಬ ಹುಡುಗನ ಕೈಯಿಂದ ಮಾತ್ರ ಫೋನ್ ಕಿತ್ತುಕೊಂಡರೆ ಅವನಿಗೆ ಅದು ಶಿಕ್ಷೆ. ಗೆಳೆಯರೆಲ್ಲ ಆಡುತ್ತಿರುವ ಆಟದಲ್ಲಿ ತಾನೊಬ್ಬನೇ ಇಲ್ಲ ಎಂಬ ಸಂಕಟ ಅವನನ್ನು ಇನ್ನಷ್ಟು ಕೆರಳಿಸುತ್ತದೆ. ಊರಿಗೆ ಊರೇ ಬಂದ್ ಮಾಡಿದಾಗ ಗೆಳೆಯರೂ ಆಟದಲ್ಲಿಲ್ಲ, ಅಪ್ಪನೂ ರೀಲ್ಸ್ ನೋಡುತ್ತಿಲ್ಲ. ನಗರದ ಅಪಾರ್ಟ್‌ಮೆಂಟಿನಲ್ಲಿ ಸೈರನ್ ಸಾಧ್ಯವಿಲ್ಲ. ಆದರೆ ಒಂದೇ ತರಗತಿಯ ಮೂರು ನಾಲ್ಕು ಮಕ್ಕಳ ಪೋಷಕರು ಒಂದಾಗಿ ಏಳರಿಂದ ಎಂಟೂವರೆ ಎಂದು ಗೊತ್ತು ಮಾಡಿಕೊಳ್ಳಬಹುದು. ಬಹುತೇಕ ವೈಫೈ ರೂಟರ್‌ಗಳಲ್ಲಿ ಗೊತ್ತಾದ ಹೊತ್ತಿಗೆ ಇಂಟರ್‌ನೆಟ್ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಬಳಸಬಹುದು. ಮೊಬೈಲ್ ಡೇಟಾ ಆನ್ ಮಾಡಿದರೆ ಆ ಬೀಗ ಮುರಿದಂತೆಯೇ. ಆದ್ದರಿಂದ ದೊಡ್ಡವರೂ ಅದೇ ಹೊತ್ತಿಗೆ ಫೋನ್ ಬುಟ್ಟಿಗೆ ಹಾಕಬೇಕು. ಅದನ್ನು ತಪ್ಪಿಸಿ ಮಾಡಿದ ಯಾವ ನಿಯಮವೂ ಒಂದು ವಾರ ಬಾಳುವುದಿಲ್ಲ.

ಮಕ್ಕಳ ಲೆಕ್ಕ ಬೇರೆ

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಪರದೆಯ ಸಮಯದ ಬಗ್ಗೆ ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ಎರಡು ವರ್ಷದೊಳಗಿನ ಮಗುವಿಗೆ ಯಾವ ಪರದೆಯೂ ಬೇಡ. ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಕಣ್ಣಳತೆಯಲ್ಲಿ, ಒಂದು ಸಲಕ್ಕೆ 20-30 ನಿಮಿಷ ಮೀರದಂತೆ. ಐದರಿಂದ ಹತ್ತು ವರ್ಷದವರೆಗೆ ಎರಡು ಗಂಟೆಗಿಂತ ಕಡಿಮೆ. ಈ ಮಾರ್ಗಸೂಚಿಯಲ್ಲಿ ಒಂದು ವಿನಾಯಿತಿ ಇದೆ: ಎರಡು ವರ್ಷದೊಳಗಿನ ಮಗುವೂ ಆಗೊಮ್ಮೆ ಈಗೊಮ್ಮೆ ನೆಂಟರ ಜೊತೆ ವಿಡಿಯೊ ಕಾಲ್‌ನಲ್ಲಿ ಇರಬಹುದು. ಫೋನ್ ಅದೇ, ಗಾಜು ಅದೇ. ಆದರೆ ಆ ಕಡೆ ಅಜ್ಜಿ ಇದ್ದಾಳೆ, ಮಗು ನಕ್ಕರೆ ಅವಳೂ ನಗುತ್ತಾಳೆ, ಮಗು ಅತ್ತರೆ ಹೆಸರು ಹಿಡಿದು ಕರೆಯುತ್ತಾಳೆ. ಕಾರ್ಟೂನು ಮಗುವಿಗೆ ಉತ್ತರ ಕೊಡುವುದಿಲ್ಲ. ಯಾವ ಗ್ಯಾಜೆಟ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ.

ದೊಡ್ಡ ಮಕ್ಕಳ ವಿಷಯದಲ್ಲಿ, ಗ್ರಾಮೀಣ ಶಿಕ್ಷಣದ ಸ್ಥಿತಿಗತಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಅಂಕಿ ನೋಡಬೇಕು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಗೆ ಮುಂಚಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ‘ಓದಿಗೆ ಬೇಕು’ ಎಂದು ಕೊಡಿಸಿದ ಫೋನ್ ಎಲ್ಲಿಗೆ ಹೋಗುತ್ತಿದೆ ಎಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ಎರಡೂ ಫೋನಿನಲ್ಲೇ ಇರುವ ಸೌಲಭ್ಯಗಳು. ಯಾವ ಆ್ಯಪ್‌ಗೆ ದಿನಕ್ಕೆ ಎಷ್ಟು ಹೊತ್ತು ಎಂದು ಅಲ್ಲಿ ಮಿತಿ ಹಾಕಬಹುದು. ಮಗುವಿನ ಲೆಕ್ಕವನ್ನು ಬೆನ್ನ ಹಿಂದೆ ತೆಗೆದು ನೋಡುವುದರ ಬದಲು, ಭಾನುವಾರ ಊಟದ ಮೇಲೆ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ತಮ್ಮ ತಮ್ಮ ವಾರದ ಲೆಕ್ಕವನ್ನು ಒಟ್ಟಿಗೆ ತೆರೆದು ನೋಡಲಿ. ಆ ಹೊತ್ತು ನಡೆಯುವ ಮಾತು ಯಾವ ಲಾಕ್‌ಗಿಂತಲೂ ಗಟ್ಟಿ.

ಬೈದರೂ ಬೇಡಿದರೂ ಮಗು ಕೈಗೆ ಸಿಗದ ಹಂತ ತಲುಪಿದ್ದರೆ, ನಿದ್ದೆ, ಊಟ, ಶಾಲೆ ಮೂರೂ ಕೆಡುತ್ತಿದ್ದರೆ, ಅದು ಹಟದ ವಿಷಯವಾಗಿ ಉಳಿದಿಲ್ಲ ಎಂದು ತಿಳಿಯಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್ ಕ್ಲಿನಿಕ್’ ತೆರೆದಿದೆ. ಮಕ್ಕಳಿಗೂ ದೊಡ್ಡವರಿಗೂ ಅಲ್ಲಿ ನೆರವು ಸಿಗುತ್ತದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ.

ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ

ಹಿರಿಯರಿಗೆ ಗ್ಯಾಜೆಟ್ ಕೊಡಿಸುವುದು ಸುಲಭ, ಕಲಿಸುವುದು ಕಷ್ಟ. ಎಷ್ಟೋ ಮನೆಗಳಲ್ಲಿ ಅಮ್ಮ ‘ಫೋಟೊ ಕಳಿಸೋದು ಹೇಗೋ?’ ಎಂದು ಕೇಳಿದ ಕೂಡಲೇ ಮಗ ‘ಕೊಡಿಲ್ಲಿ’ ಎಂದು ಫೋನ್ ತೆಗೆದುಕೊಂಡು, ಟಕಟಕ ಒತ್ತಿ, ‘ಆಯ್ತು ನೋಡಿ’ ಎಂದು ವಾಪಸ್ ಕೊಡುತ್ತಾನೆ. ಫೋಟೊ ಹೋಯಿತು, ಅಮ್ಮ ಕಲಿಯಲಿಲ್ಲ. ಮತ್ತೆ ಕೇಳಲು ಅವಳಿಗೆ ಮುಜುಗರ. ಕಲಿಸುವವರು ತಮ್ಮ ಕೈಯನ್ನು ಹಿಂದೆ ಕಟ್ಟಿಕೊಂಡೇ ಕಲಿಸಬೇಕು. ಫೋನ್ ಅವರ ಕೈಯಲ್ಲೇ ಇರಲಿ, ಬೆರಳೂ ಅವರದೇ ಇರಲಿ. ಒಂದು ಸಲಕ್ಕೆ ಒಂದೇ ವಿದ್ಯೆ. ಒಂದು ನೋಟ್‌ಬುಕ್ಕಿನಲ್ಲಿ ಅವರೇ ತಮ್ಮ ಮಾತಿನಲ್ಲಿ ಹಂತಗಳನ್ನು ಬರೆದುಕೊಳ್ಳಲಿ: ‘ಹಸಿರು ಡಬ್ಬಿ ಒತ್ತು, ಸುಮಳ ಹೆಸರು ಒತ್ತು, ಕೆಳಗೆ ಕ್ಯಾಮೆರಾ ಗುರುತು ಒತ್ತು.’ ಈ ನೋಟ್‌ಬುಕ್ ಯಾವ ಯೂಟ್ಯೂಬ್ ಪಾಠಕ್ಕಿಂತಲೂ ಉಪಯೋಗಿ. ಮೊಮ್ಮಕ್ಕಳು ಕಲಿಸಿದರಂತೂ ಇಬ್ಬರಿಗೂ ಲಾಭ.

ಕೊಳ್ಳುವ ಮೊದಲು ಕನ್ನಡದ ಪರೀಕ್ಷೆ ಮಾಡಿ. ಫೋನಿನ ಮೆನು ಕನ್ನಡಕ್ಕೆ ಬದಲಾಗುತ್ತದೆಯೇ, ಅಕ್ಷರ ದೊಡ್ಡದಾಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲಿ ಟೈಪ್ ಆಗುವ ಸೌಲಭ್ಯ 2017ರಿಂದಲೇ ಇದೆ. ಬೆರಳು ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದೊಂದು ವರ. ಸ್ಮಾರ್ಟ್ ಸ್ಪೀಕರ್‌ಗಳಿಗೆ ಇಂಗ್ಲಿಷ್, ಹಿಂದಿ ಬಂದಷ್ಟು ಕನ್ನಡ ಬಂದಿಲ್ಲ. ಕನ್ನಡ ಮಾತ್ರ ಬಲ್ಲ ಅಜ್ಜನಿರುವ ಮನೆಗೆ ಅದನ್ನು ತಂದರೆ ಮೊಮ್ಮಕ್ಕಳು ಅದರ ಜೊತೆ ಮಾತಾಡುತ್ತಾರೆ, ಅಜ್ಜ ಸುಮ್ಮನೆ ನೋಡುತ್ತಾರೆ. ಹಾಡು ಕೇಳಬೇಕು ಎಂಬುದಷ್ಟೇ ಆಸೆಯಾದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಸಾಕು, ಕನ್ನಡದ ಕೇಂದ್ರಗಳು ಅದರಲ್ಲಿ ನೇರವಾಗಿ ಕೇಳುತ್ತವೆ.

ಪಿಂಚಣಿದಾರರ ಜೀವನ ಪ್ರಮಾಣ ಪತ್ರದ ವ್ಯವಸ್ಥೆ ತಂತ್ರಜ್ಞಾನ ಮಾಡಿದ ನಿಜವಾದ ಉಪಕಾರಗಳಲ್ಲೊಂದು. 2014ರಲ್ಲಿ ಡಿಜಿಟಲ್ ಆದ ಈ ಪತ್ರವನ್ನು 2021ರಿಂದ ಮುಖ ಗುರುತಿಸುವ ವಿಧಾನದಲ್ಲಿ ಮನೆಯಲ್ಲೇ ಕೂತು ಫೋನಿನಿಂದ ಸಲ್ಲಿಸಬಹುದು. ಹಾಸಿಗೆ ಹಿಡಿದವರನ್ನು ನವೆಂಬರಿನಲ್ಲಿ ಆಟೊದಲ್ಲಿ ಬ್ಯಾಂಕಿಗೆ ಕರೆದೊಯ್ಯುವ ಸಂಕಟ ತಪ್ಪಿತು. ಆದರೆ ಕಾಲು ಗಟ್ಟಿಯಿದ್ದು, ಆ ನೆಪದಲ್ಲಿ ಹಳೇ ಸಹೋದ್ಯೋಗಿಗಳನ್ನು ಕಾಣುವ ಹುರುಪಿನವರಿದ್ದರೆ ಅವರನ್ನು ತಡೆಯಬೇಡಿ. ಅವರು ಬ್ಯಾಂಕಿಗೇ ಹೋಗಿ ಬರಲಿ.

ರಕ್ತದೊತ್ತಡ ನೋಡುವ ಯಂತ್ರ ಈಗ ಬಹಳ ಮನೆಗಳಲ್ಲಿದೆ. ಮಣಿಕಟ್ಟಿನದಕ್ಕಿಂತ ತೋಳಿಗೆ ಪಟ್ಟಿ ಕಟ್ಟುವ ಮಾದರಿ ನಂಬಿಕೆಗೆ ಅರ್ಹ. ನೋಡುವ ಮುಂಚೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿ ಇಟ್ಟು ಸುಮ್ಮನೆ ಕೂರಬೇಕು. ಮಾತಾಡಿದರೆ ಅಂಕಿ ಏರುತ್ತದೆ. ಆ ಐದು ನಿಮಿಷ ಮನೆಯ ಒಬ್ಬರು ಪಕ್ಕದಲ್ಲಿ ಮೌನವಾಗಿ ಕೂತು, ಅಂಕಿ ಬರೆದಾದ ಮೇಲೆ ಮಾತು ಶುರು ಮಾಡಲಿ. ಅಂಕಿ ತಾನೇ ದುಬೈನಲ್ಲಿರುವ ಮಗಳ ಫೋನಿಗೆ ಹೋಗುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯದೇ. ಆದರೆ 138 ಎಂಬ ಅಂಕಿ ಬಂದ ದಿನ ಅಮ್ಮ ರಾತ್ರಿ ನಿದ್ದೆ ಮಾಡಿದ್ದಳೇ, ಯಾರ ಮೇಲಾದರೂ ಬೇಸರವಿತ್ತೇ ಎಂಬುದನ್ನು ತಿಳಿಯಲು ಮಗಳು ಕರೆ ಮಾಡಿಯೇ ಕೇಳಬೇಕು.

ಒಂಟಿ ಹಿರಿಯರ ಮನೆಗೆ ಕ್ಯಾಮೆರಾ ಹಾಕಿಸುವವರು ಮೊದಲು ಅವರ ಒಪ್ಪಿಗೆ ಕೇಳಬೇಕು. ಯಾವ ಕೋಣೆಯಲ್ಲಿ, ಯಾರು ನೋಡುತ್ತಾರೆ, ಯಾವಾಗ ಆಫ್ ಮಾಡಬಹುದು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೆಲಸದವರಿಗೂ ಬಂದ ನೆಂಟರಿಗೂ ಅಲ್ಲಿ ಕ್ಯಾಮೆರಾ ಇರುವುದು ತಿಳಿದಿರಬೇಕು, ಅದು ಮರ್ಯಾದೆಯ ಪ್ರಶ್ನೆ. ಜೊತೆಗೆ, ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹಲವು ದೊಡ್ಡ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ನಿಂತುಹೋಗಲು ಕಾರಣವಾದ ‘ಮಿರಾಯ್’ ದಾಳಿ ನಡೆದದ್ದು ಪಾಸ್‌ವರ್ಡ್ ಬದಲಿಸದ ಮನೆ ಕ್ಯಾಮೆರಾ, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡೇ. ಧ್ವನಿಗೆ ಓಗೊಡುವ ಸ್ಪೀಕರ್ ಇದ್ದರೆ ಅದರ ಆ್ಯಪ್‌ನಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಅಳಿಸುವ ಸೆಟ್ಟಿಂಗ್ ಹುಡುಕಿ. ಮಕ್ಕಳ ಧ್ವನಿಯನ್ನು ಇಟ್ಟುಕೊಂಡ ಆರೋಪದ ಮೇಲೆ ಅಲೆಕ್ಸಾದ ಒಡೆಯ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ ಎರಡೂವರೆ ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತ್ತು. ಖಾಸಗಿ ಮಾತು ನಡೆಯುವಾಗ ಮೈಕ್ ಮ್ಯೂಟ್ ಮಾಡುವ ಗುಂಡಿ ಒತ್ತುವುದನ್ನು ಮನೆಯ ಎಲ್ಲರೂ ಕಲಿತಿರಲಿ.

ದೂರದವರ ಜೊತೆ

ಮಕ್ಕಳು ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇದ್ದು, ಅಪ್ಪ ಅಮ್ಮ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರುವ ಕುಟುಂಬಗಳಿಗೆ ವಿಡಿಯೊ ಕಾಲ್ ಎಂಬುದು ಉಸಿರಾಟದಷ್ಟು ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಅದು ಬಂದದ್ದು 2016ರಲ್ಲಿ, ಈಗ 32 ಜನ ಒಂದೇ ಕರೆಯಲ್ಲಿ ಸೇರಬಹುದು. ಇಷ್ಟಿದ್ದೂ ಎಷ್ಟೋ ಕರೆಗಳು ‘ಊಟ ಆಯ್ತಾ? ಅಲ್ಲಿ ಚಳಿನಾ?’ ಎಂಬಲ್ಲೇ ಮುಗಿಯುತ್ತವೆ. ಕಾರಣ, ಕರೆಯ ಹೊತ್ತಿನಲ್ಲಿ ಇಬ್ಬರೂ ಸೇರಿ ಮಾಡಲು ಏನೂ ಇರುವುದಿಲ್ಲ.

ಹೊತ್ತಿನಿಂದಲೇ ಶುರು ಮಾಡಿ. ನ್ಯೂಜೆರ್ಸಿಯ ರಾತ್ರಿ ಒಂಬತ್ತು ಎಂದರೆ ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆ, ಅಲ್ಲಿನ ಗಡಿಯಾರ ನವೆಂಬರಿನಲ್ಲಿ ಒಂದು ಗಂಟೆ ಹಿಂದೆ ಸರಿದ ಮೇಲೆ ಏಳೂವರೆ. ಅಮ್ಮ ಕಾಫಿ ಸೋಸುವ ಹೊತ್ತು ಅದು. ಫೋನನ್ನು ಕೈಯಲ್ಲಿ ಹಿಡಿಯದೆ ಒಂದು ಸ್ಟ್ಯಾಂಡಿಗೆ ಹಾಕಿ ಅಡುಗೆಮನೆ ಕಟ್ಟೆಯ ಮೇಲೆ ನಿಲ್ಲಿಸಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಎದುರಿಗಿದ್ದರೆ ಸುಕ್ಕು ಸಹ ಕಾಣುತ್ತದೆ. ಮಗಳಿಗೆ ಸಾರಿನ ಪುಡಿ ಕಲಿಯಬೇಕಿದ್ದರೆ ಅಂದೇ ಆಗಲಿ. ಕೊತ್ತಂಬರಿ ಬೀಜ ಎಷ್ಟು ಕೆಂಪಾದಾಗ ಇಳಿಸಬೇಕು ಎಂಬುದನ್ನು ಯಾವ ಅಡುಗೆ ಚಾನೆಲ್ಲೂ ಅಮ್ಮನಷ್ಟು ಖಚಿತವಾಗಿ ಹೇಳುವುದಿಲ್ಲ. ಆ ಕಡೆ ಮಗಳು ಬಾಣಲೆಯನ್ನು ಕ್ಯಾಮೆರಾಕ್ಕೆ ಹಿಡಿದು ‘ಇಷ್ಟಾ?’ ಎನ್ನುತ್ತಾಳೆ, ಈ ಕಡೆಯಿಂದ ‘ಇನ್ನೊಂದು ಚೂರು’ ಎಂದು ಉತ್ತರ ಬರುತ್ತದೆ. ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಸಣ್ಣ ಮೊಮ್ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ‘ತಾತನಿಗೆ ಹಾಡು ಹೇಳು’ ಎಂದು ಒತ್ತಾಯಿಸಿದರೆ ಮಗು ಓಡಿಹೋಗುತ್ತದೆ. ಒಂದೇ ಚಿತ್ರಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ತಾತನ ಬಳಿ, ಇನ್ನೊಂದನ್ನು ಮಗುವಿನ ಬಳಿ ಇಡಿ. ತಾತ ಪುಟ ತಿರುಗಿಸಿದಾಗ ಮಗುವೂ ತಿರುಗಿಸುತ್ತದೆ. ಕನ್ನಡ ಅಕ್ಷರ ಅಮೆರಿಕದಲ್ಲಿ ಬೆಳೆಯುವ ಮಗುವಿಗೆ ತಲುಪಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಫೋನಿನಲ್ಲಿರುವ ರೆಕಾರ್ಡರ್‌ನ ಬೆಲೆ ಬಹಳ ಮನೆಗಳಿಗೆ ಇನ್ನೂ ತಿಳಿದಿಲ್ಲ. ಸೋಬಾನೆ ಪದ ಬಲ್ಲ ದೊಡ್ಡಮ್ಮ, ಕೊಡಗಿನ ಹಳೇ ಮಳೆಗಾಲದ ಕಥೆ ಹೇಳುವ ಅಜ್ಜ, ಭದ್ರಾವತಿ ಕಾರ್ಖಾನೆಯ ದಿನಗಳನ್ನು ನೆನೆಯುವ ಮಾವ, ಇವರನ್ನೆಲ್ಲ ದಾಖಲಿಸಲು ಈಗ ಸ್ಟುಡಿಯೊ ಬೇಡ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡಿ. ಫ್ಯಾನ್ ಆರಿಸಿ, ಕುಕ್ಕರ್ ಕೂಗುವ ಹೊತ್ತು ಬಿಟ್ಟು ಕೂರಿ. ‘ನಿಮ್ಮ ಬಾಲ್ಯ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂದಷ್ಟೇ ಉತ್ತರ ಸಿಗುತ್ತದೆ. ‘ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ರಿ, ಮಧ್ಯೆ ಹಳ್ಳ ಇತ್ತಾ?’ ಎಂದು ಕೇಳಿ, ಕಥೆ ತಾನಾಗಿ ಬರುತ್ತದೆ. ನಡುವೆ ಅವರು ಸುಮ್ಮನಾದರೆ ಬಾಯಿ ಹಾಕಬೇಡಿ. ಕಡತಕ್ಕೆ ಹೆಸರು, ಊರು, ತಾರೀಖು ಹಾಕಿ ಎರಡು ಕಡೆ ಉಳಿಸಿ. ದಾಖಲಿಸುವ ಮೊದಲು ಅವರ ಒಪ್ಪಿಗೆ ಪಡೆಯಿರಿ, ಹಂಚುವ ಮೊದಲು ಇನ್ನೊಮ್ಮೆ ಕೇಳಿ.

ಮೋಸಗಾರರಿಗೆ ಬೇಕಾದದ್ದು ಒಂಟಿತನ

ಮನುಷ್ಯರ ಒಡನಾಟ ಬರೀ ಮನಸ್ಸಿನ ಸಮಾಧಾನದ ವಿಷಯವಲ್ಲ, ಇಂದು ಅದು ರಕ್ಷಣೆಯ ವಿಷಯವೂ ಹೌದು. ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಯನ್ನೇ ನೋಡಿ. ಪೊಲೀಸ್ ಅಥವಾ ಸಿಬಿಐ ಅಧಿಕಾರಿಯ ವೇಷದಲ್ಲಿ ವಿಡಿಯೊ ಕಾಲ್ ಬರುತ್ತದೆ. ನಿಮ್ಮ ಆಧಾರ್ ನಂಬರಿನಲ್ಲಿ ಅಪರಾಧ ನಡೆದಿದೆ, ಕ್ಯಾಮೆರಾ ಆಫ್ ಮಾಡಬೇಡಿ, ಮನೆಯ ಯಾರಿಗೂ ಹೇಳಬೇಡಿ ಎಂದು ಹೆದರಿಸುತ್ತಾರೆ. 2024ರ ಅಕ್ಟೋಬರಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದರ ಬಗ್ಗೆ ಎಚ್ಚರಿಸಿದಾಗ ಉದಾಹರಣೆಗೆ ಕೇಳಿಸಿದ್ದು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಅಂಥದೇ ಕರೆಯನ್ನು. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ಈ ಮೋಸದ ಇಡೀ ಬಲ ‘ಯಾರಿಗೂ ಹೇಳಬೇಡಿ’ ಎಂಬ ಒಂದು ಮಾತಿನಲ್ಲಿದೆ. ಪಕ್ಕದಲ್ಲಿ ಒಬ್ಬರಿದ್ದು ‘ಯಾರದು ಫೋನು?’ ಎಂದು ಕೇಳಿದರೆ ಅರ್ಧ ಮೋಸ ಅಲ್ಲೇ ಮುರಿಯುತ್ತದೆ.

ಅದಕ್ಕೆ ಮನೆಯಲ್ಲಿ ಎರಡು ಕಟ್ಟಳೆ ಇರಲಿ. ಯಾರಿಗೂ ಹೇಳಬೇಡಿ ಎಂದವರ ಕರೆಯನ್ನು ತಕ್ಷಣ ಕಟ್ ಮಾಡಿ ಯಾರಿಗಾದರೂ ಹೇಳಬೇಕು. ಇನ್ನೊಂದು, ಮಗನ ಅಥವಾ ಮಗಳ ದನಿಯಲ್ಲಿ ‘ಅಪಘಾತವಾಗಿದೆ, ದುಡ್ಡು ಕಳಿಸಿ’ ಎಂಬ ಕರೆ ಬಂದರೆ ಕೇಳಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ. ದನಿಯನ್ನು ನಕಲು ಮಾಡುವ ತಂತ್ರ ಈಗ ಮೋಸಗಾರರ ಕೈಗೂ ಸಿಕ್ಕಿದೆ. ಹಳೇ ಮನೆಯ ಹಸುವಿನ ಹೆಸರು, ಮೊದಲು ಬಾಡಿಗೆಗಿದ್ದ ಬೀದಿಯ ಹೆಸರು, ಹೀಗೆ ಮರೆಯಲಾಗದ ಪದವಿರಲಿ. ಅಕಸ್ಮಾತ್ ಹಣ ಹೋಗಿಬಿಟ್ಟಿದ್ದರೆ ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದೊಂದು ಗಂಟೆಯೂ ಹಣವನ್ನು ಇನ್ನಷ್ಟು ದೂರ ಒಯ್ಯುತ್ತದೆ. ತಕ್ಷಣ 1930ಕ್ಕೆ ಕರೆ ಮಾಡಿ.

ಈ ನಂಬರುಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಯಾವುದೇ ತುರ್ತಿಗೆ 112, ಸೈಬರ್ ವಂಚನೆಗೆ 1930, ಹಿರಿಯರ ನೆರವಿಗೆ 14567, ಮನಸ್ಸಿನ ಕಷ್ಟಕ್ಕೆ 14416. ಅದರ ಕೆಳಗೆ ಪಕ್ಕದ ಮನೆಯವರ ನಂಬರನ್ನೂ ಬರೆಯಿರಿ. ಆ ನಂಬರ್ ಇನ್ನೂ ನಿಮ್ಮ ಬಳಿ ಇಲ್ಲದಿದ್ದರೆ ಇಂದು ಸಂಜೆಯೇ ಹೋಗಿ ಬಾಗಿಲು ತಟ್ಟಿ ಕೇಳಿಕೊಂಡು ಬನ್ನಿ.